ಮಗಳಿಗೊಂದು ಪತ್ರ: ನೀನು ಅಂದು ಗುನುಗಿದ್ದು

ಪ್ರೀತಿಯ ಪುಟ್ಟಿ,

ನಿನ್ನನ್ನು ಚೆನ್ನೈಗೆ ಕಾವೇರಿ ಎಕ್ಸ್‌ಪ್ರೆಸ್ ಹತ್ತಿಸಿ ಬಂದು ಮೂರು ದಿನವಾಯಿತು. ಹೊರಡುವ ಹಿಂದಿನ ರಾತ್ರಿ ನಾನು ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವು ನಮ್ಮಿಬ್ಬರಿಗೂ ನೆನಪಿವೆ. ಪ್ಲಾಟ್‌ಫಾರ್ಮಿನಲ್ಲಿ ಹೇಳಬೇಕೆಂದುಕೊಂಡಿದ್ದು ಬಾಯಿಗೆ ಬರಲಿಲ್ಲ, ಅದಕ್ಕಾಗಿ ಈ ಪತ್ರ.

ಆಗ ನಿನಗೆ ಆರು ವರ್ಷ. ಒಂದು ಭಾನುವಾರ ಬೆಳಿಗ್ಗೆ, ಇಳಯರಾಜ ಸಂಗೀತ ನೀಡಿದ ‘ಗೀತಾ’ ಚಿತ್ರದ ಕ್ಯಾಸೆಟ್ ಹಾಕಿದ್ದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿಯವರ ಯುಗಳಗೀತೆ ಬರುತ್ತಿತ್ತು. ನೀನು ನೆಲದ ಮೇಲೆ ಕುಳಿತು ಸ್ಲೇಟಿನಲ್ಲಿ ಗೀಚುತ್ತ, ಹಾಡಿಗೆ ಸೇರದ ಏನನ್ನೋ ಗುನುಗುತ್ತಿದ್ದೆ. ನಾನು ಕ್ಯಾಸೆಟ್ ನಿಲ್ಲಿಸಿ, ‘ಹಾಗಲ್ಲ, ಹೀಗೆ’ ಎಂದು ಪಲ್ಲವಿ ಹಾಡಿ ತೋರಿಸಿದೆ. ನೀನು ತಲೆಯಾಡಿಸಿದೆ, ಹಾಡು ಮತ್ತೆ ಶುರುವಾದಾಗ ಮತ್ತೆ ಅದನ್ನೇ ಗುನುಗಿದೆ. ಮೂರನೆಯ ಸಲ ನಾನು ಗದರಿದೆ. ನೀನು ಸುಮ್ಮನಾಗಿ ಸ್ಲೇಟಿನ ಮೇಲಿದ್ದುದನ್ನೆಲ್ಲ ಅಂಗೈಯಿಂದ ಒರೆಸಿಬಿಟ್ಟೆ.

ನೀನು ತಪ್ಪು ಗುನುಗುತ್ತಿರಲಿಲ್ಲ, ಹಾಡಿನ ಕೆಳಗೆ ತಗ್ಗು ಸ್ವರದಲ್ಲಿ ನುಡಿಯುವ ಬೇಸ್ ಗಿಟಾರಿನ ಜಾಡು ಹಿಡಿದಿದ್ದೆ ಎಂಬುದು ನನಗೆ ತಿಳಿದದ್ದು ಹತ್ತು ವರ್ಷಗಳ ನಂತರ. ಅಂದು ನೀನು ನನ್ನ ಕಿವಿಗೆ ಹೆಡ್‌ಫೋನ್ ಇಟ್ಟು, ‘ಅಪ್ಪಾ, ಹಾಡು ಬಿಡು, ಕೆಳಗೆ ಏನು ನಡೀತಿದೆ ಅದನ್ನ ಕೇಳು’ ಎಂದಿದ್ದೆ. ಇಳಯರಾಜ ಅವರ ಹಾಡುಗಳಲ್ಲಿ ಬೇಸ್ ಬರಿಯ ಆಸರೆಯಲ್ಲ, ರಾಗದ ಕೆಳಗೆ ಇನ್ನೊಂದು ರಾಗದಂತೆ ತನ್ನದೇ ದಾರಿಯಲ್ಲಿ ನಡೆಯುತ್ತದೆ. ಅಷ್ಟು ವರ್ಷ ಆ ಹಾಡುಗಳನ್ನು ಕೇಳಿಕೊಂಡೇ ಬದುಕಿದ ನನಗೆ ಅದು ಕೇಳಿಸಿರಲಿಲ್ಲ. ಅಂದೇ ಆ ಭಾನುವಾರದ ಮಾತೆತ್ತಬೇಕಿತ್ತು, ಎತ್ತಲಿಲ್ಲ. ಆ ಅಂಗೈ ಈಗಲೂ ಕಣ್ಣಮುಂದೆ ಬರುತ್ತದೆ.

ಚಿತ್ರಸಂಗೀತದಲ್ಲಿ ನೀನು ಸಹಾಯಕಿಯಾಗಿ ಸೇರಿರುವ ಕೆಲಸದ ಬಗ್ಗೆ ನನಗಿರುವ ಭಯವೂ ಇಳಯರಾಜ ಅವರ ಬದುಕಿನಿಂದಲೇ ಬಂದದ್ದು. 1943ರಲ್ಲಿ ಪಣ್ಣೈಪುರದಲ್ಲಿ ಹುಟ್ಟಿ, 14ರ ವಯಸ್ಸಿಗೆ ಅಣ್ಣ ಪಾವಲರ್ ವರದರಾಜನ್ ಅವರ ಸಂಗೀತ ತಂಡದೊಡನೆ ಊರೂರು ತಿರುಗಿ, ಮದ್ರಾಸಿಗೆ ಬಂದು ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತ ಅವರು, ನಮ್ಮವರೇ ಎಂದು ನಾವು ಭಾವಿಸುವ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ವರ್ಷಗಟ್ಟಲೆ ಸಹಾಯಕರಾಗಿದ್ದರು, ಅದೂ ಹೆಚ್ಚಾಗಿ ಕನ್ನಡ ಚಿತ್ರಗಳಿಗೆ. ನಾನು ಬಾಲ್ಯದಲ್ಲಿ ರೇಡಿಯೊದಲ್ಲಿ ಕೇಳಿದ ಯಾವ ಯಾವ ಹಾಡಿನೊಳಗೆ ಅವರ ಕೈಬರಹವಿತ್ತೋ! ಅವರ ಹೆಸರನ್ನು ಆಗ ನಮ್ಮ ಮನೆಯಲ್ಲಿ ಯಾರೂ ಎತ್ತಿದವರಲ್ಲ. ತಾವು ಬರೆದದ್ದು ಹೇಗೆ ಕೇಳಿಸುತ್ತದೆಂದು ತಿಳಿಯಲು, ವಾದ್ಯಗಾರರನ್ನು ಅವರ ಬಿಡುವಿನ ಹೊತ್ತಿನಲ್ಲಿ ಒಪ್ಪಿಸಿ ನುಡಿಸಿಸುತ್ತಿದ್ದರಂತೆ. ಊಟ ಮುಗಿಸಿ ಕುಳಿತವರ ಮುಂದೆ ಹಾಳೆ ಹಿಡಿದು ನಿಂತ ಆ ತರುಣನನ್ನು ನೆನೆದಾಗಲೆಲ್ಲ ನನಗೆ ಅಲ್ಲಿ ನಿನ್ನ ಮುಖ ಕಾಣಿಸುತ್ತದೆ. ಅವರಿಗೆ 1976ರಲ್ಲಿ ಸಂಗೀತ ನಿರ್ದೇಶಕರಾಗಿ ಮೊದಲ ಚಿತ್ರ ‘ಅನ್ನಕ್ಕಿಳಿ’ ಸಿಕ್ಕಿತು; ಆಗ ವಯಸ್ಸು ಮೂವತ್ತು ದಾಟಿತ್ತು. ಅಂಥದ್ದೊಂದು ಸಿಗದೆ, ಇನ್ನೊಬ್ಬರ ಹಾಡುಗಳೊಳಗೇ ಕರಗಿಹೋದ ಸಹಾಯಕರು ಎಷ್ಟು ಮಂದಿ? ಆ ರಾತ್ರಿ ನಾನು ಕಟುವಾಗಿ ಮಾತನಾಡಿದ್ದು ಈ ಭಯದಿಂದ, ನಿನ್ನ ಕೈಯಲ್ಲಿ ಆಗದು ಎಂಬ ಅನುಮಾನದಿಂದಲ್ಲ.

ಬುದ್ಧಿ ಹೇಳಬಾರದು ಎಂದುಕೊಂಡೇ ಬರೆಯಲು ಕೂತೆ. ಆದರೂ ಕೇಳು. ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಅನ್ನು ಅರೆಬರೆ ಬಿಡಬೇಡ. ವಾದ್ಯ ಮುಟ್ಟದೆಯೇ ಪ್ರತಿಯೊಬ್ಬ ವಾದ್ಯಗಾರನ ಭಾಗವನ್ನೂ ಹಾಳೆಯ ಮೇಲೆ ಬರೆಯುವ ಇಳಯರಾಜ ಅವರ ಶಕ್ತಿ ಆಕಾಶದಿಂದ ಬಿದ್ದದ್ದಲ್ಲ. ಕಂಪ್ಯೂಟರಿನಲ್ಲಿ ಎಲ್ಲವೂ ಆಗುತ್ತದೆ ಎಂದು ನೀನು ಹೇಳುತ್ತೀಯೆ, ಆಗಬಹುದು. ಬರೆಯಲು ಬರುವುದು ಬೇರೆಯೇ. ಓದದೆ ಯಾವ ಕರಾರಿಗೂ ಸಹಿ ಹಾಕಬೇಡ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಚಿತ್ರಗೀತೆಯ ಸಂಯೋಜಕರು ರಾಯಧನದಲ್ಲಿ ತಮ್ಮ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡುವಂತಿಲ್ಲ, ಆದರೆ ನೀನು ಮಾಡಿದ ಕೆಲಸಕ್ಕೆ ನಿನ್ನ ಹೆಸರೇ ಇಲ್ಲದಿದ್ದರೆ ಯಾವ ಕಾನೂನು ತಾನೇ ನಿನ್ನ ನೆರವಿಗೆ ಬಂದೀತು? ರಾತ್ರಿಯಿಡೀ ಸ್ಟುಡಿಯೊದಲ್ಲಿ ಕೂತು ಊಟ ಬಿಡಬೇಡ. ನೋಡು, ಭಾಷಣವೇ ಆಗಿಹೋಯಿತು.

2025ರ ಮಾರ್ಚ್‌ನಲ್ಲಿ, ಲಂಡನ್ನಿನಲ್ಲಿ ಇಳಯರಾಜ ಅವರ ಸಿಂಫನಿ ನುಡಿಸಿದ ಸುದ್ದಿ ಬಂದಾಗ ನೀನು ನನಗೆ ಫೋನ್ ಮಾಡಿ, 81ರ ವಯಸ್ಸಿನಲ್ಲಿ ಅಪ್ಪಾ, ಎಂದು ಅತ್ತಿದ್ದೆ. ಇಂಥ ಮಗಳು ನನ್ನವಳು ಎಂದು ಆ ದಿನ ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ನಿನಗೆ ಮಾತ್ರ ಹೇಳಲಿಲ್ಲ.

ಆ ಭಾನುವಾರ ಗದರಿದ್ದಕ್ಕೂ, ಮೊನ್ನೆ ರಾತ್ರಿಯದಕ್ಕೂ ಕ್ಷಮಿಸು.

ನಿನ್ನೆ ಅಮ್ಮ ಮಲಗಿದ ಮೇಲೆ ಅದೇ ಹಾಡು ಹಾಕಿ ಬೇಸ್ ಹಿಡಿದು ಗುನುಗಲು ನೋಡಿದೆ. ಎರಡು ಸಾಲು ದಾಟುವಷ್ಟರಲ್ಲಿ ಬಾಯಿ ಮತ್ತೆ ಜಾನಕಿಯವರ ಹಿಂದೆ ಹೊರಟುಬಿಟ್ಟಿತು. ನಾಲ್ಕು ಸಲವೂ ಹಾಗೆಯೇ ಆಯಿತು. ಆರು ವರ್ಷದ ನೀನು ಅದನ್ನು ಹೇಗೆ ಬಿಡದೆ ಹಿಡಿದೆ ಎಂದು, ಸಮಯವಾದಾಗ ಬರೆ.

ಇಂತಿ,
ನಿನ್ನ ಅಪ್ಪ