ಅಮ್ಮನದು ಮರೆವಲ್ಲ, ಫೋನಿನ ಸೆಟ್ಟಿಂಗು

ಯೊಕೊಹಾಮಾ
ಭಾನುವಾರ

ಗುರು,

ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಕಮಲತ್ತೆ ಕಳಿಸಿದ ಮಿಡಿ ಉಪ್ಪಿನಕಾಯಿ ಸೋರದೆ ಬಂತು ಅಂತ ಹೇಳು.

ನಿನ್ನ ಕಾಗದ ಎರಡು ಸಲ ಓದಿದೆ. ಅಮ್ಮನಿಗೆ ಮರೆವು ಶುರುವಾಗಿದೆ, ಕೀಪ್ಯಾಡ್ ಫೋನ್ ತಂದುಕೊಟ್ಟು ಶಿವಮೊಗ್ಗಕ್ಕೆ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತೀನಿ ಅಂದಿದ್ದೀಯ. ಸ್ವಲ್ಪ ತಡಿ ಮಾರಾಯ. ಫೋನ್ ಎತ್ತೋದರೊಳಗೆ ಕಟ್ ಆಯ್ತು ಅಂತಾಳೆ, ಒಮ್ಮೊಮ್ಮೆ ರಿಂಗೇ ಆಗಿಲ್ಲ ಅಂತಾಳೆ, ವಾಟ್ಸಾಪ್ ಕಳೆದುಹೋಯ್ತು ಅಂತಾಳೆ, ರೀಚಾರ್ಜ್ ದುಡ್ಡು ಎಲ್ಲಿ ಹೋಯ್ತೋ ಗೊತ್ತಿಲ್ಲ ಅಂತಾಳೆ ಎಂದು ಬರೆದಿದ್ದೀಯಲ್ಲ, ಈ ನಾಲ್ಕಕ್ಕೂ ಆ ಸ್ಯಾಮ್‌ಸಂಗ್ ಫೋನಿನೊಳಗೇ ಕಾರಣ ಸಿಗುತ್ತೆ. ಕೆಟ್ಟಿದ್ದು ಫೋನೂ ಅಲ್ಲ, ಅಮ್ಮನೂ ಅಲ್ಲ. ಅದನ್ನು ಇಪ್ಪತ್ತು ವರ್ಷದವರ ಕೈಗೆ ಹೊಂದಿಸಿಟ್ಟಿದೆ, ಅಷ್ಟೇ.

ಇದನ್ನು ವಾಟ್ಸಾಪಿನಲ್ಲಿ ಕಳಿಸದೆ ಕಾಗದದಲ್ಲಿ ಬರೆದಿದ್ದು ಯಾಕೆಂದರೆ, ಸೆಟ್ಟಿಂಗ್ ಬದಲಿಸಬೇಕಾದ ಫೋನಿನಲ್ಲೇ ಓದುತ್ತಾ ಕೂತರೆ ಎರಡೂ ಆಗಲ್ಲ. ಪುಟ್ಟಿಯ ಕೈಗೆ ಕೊಡು, ಒಂದು ಗಂಟೆಯ ಕೆಲಸ. ಮೆನುವಿನ ಹೆಸರುಗಳು ಇಂಗ್ಲಿಷಿನಲ್ಲಿ ಕಾಣುವ ಹಾಗೇ ಬರೆದಿದ್ದೇನೆ, ಒಂದೊಂದು ಮಾಡೆಲಿನಲ್ಲಿ ಒಂದು ಮೆನು ಆಚೀಚೆ ಇರಬಹುದು. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಭೂತಗನ್ನಡಿ ಒತ್ತಿ ಹೆಸರು ಟೈಪ್ ಮಾಡಲಿ.

ಮೊದಲು ‘ಕಟ್ ಆಯ್ತು’ ಅನ್ನೋದು. ಅಮ್ಮ ಫೋನ್ ಎತ್ತೋದನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡು. ಬೀಳಬಾರದು ಅಂತ ಬಿಗಿಯಾಗಿ ಹಿಡಿದು ಎತ್ತುತ್ತಾಳೆ, ಹೆಬ್ಬೆರಳು ಪಕ್ಕದ ವಾಲ್ಯೂಮ್ ಬಟನ್ ಮೇಲೇ ಕೂರುತ್ತೆ. ರಿಂಗ್ ಆಗುವಾಗ ಆ ಬಟನ್ ಒತ್ತಿದರೆ ಶಬ್ದ ನಿಲ್ಲುತ್ತೆ, ಕಾಲ್ ನಿಲ್ಲಲ್ಲ. ಅವಳಿಗೆ ಅದು ಕಟ್ ಆದ ಹಾಗೆ, ನಿನಗೆ ಅವಳು ಎತ್ತದ ಹಾಗೆ. ಫೋನ್ ಆಪ್ ತೆರೆದು ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋದರೆ ‘ಆನ್ಸರಿಂಗ್ ಅಂಡ್ ಎಂಡಿಂಗ್ ಕಾಲ್ಸ್’ ಅಂತಿದೆ. ಅದರಲ್ಲಿ ‘ಪ್ರೆಸ್ ವಾಲ್ಯೂಮ್ ಅಪ್ ಟು ಆನ್ಸರ್’ ಆನ್ ಮಾಡಲಿ. ಆಮೇಲೆ ಮೇಲಿನ ಬಟನ್ ಒತ್ತಿದರೆ ಕಾಲ್ ಸ್ವೀಕಾರವೇ ಆಗುತ್ತೆ. ಹಸಿರು ಗುಂಡಿಯನ್ನು ಎಳೆಯುವ ಕಷ್ಟವೂ ತಪ್ಪಿತು. ಒಂದು ಮಾತು: ವಾಟ್ಸಾಪ್ ಕಾಲಿಗೆ ಇದು ನಡೆಯಲ್ಲ, ಅದನ್ನು ಪರದೆಯ ಮೇಲೇ ಎತ್ತಬೇಕು.

ಅದೇ ಸೆಟ್ಟಿಂಗ್ಸ್‌ನಲ್ಲಿ ‘ಕಾಲ್ ಡಿಸ್‌ಪ್ಲೇ ವೈಲ್ ಯೂಸಿಂಗ್ ಆಪ್ಸ್’ ಅಂತಿದೆ. ಅಲ್ಲಿ ‘ಫುಲ್ ಸ್ಕ್ರೀನ್’ ಆರಿಸಬೇಕು. ಇಲ್ಲದಿದ್ದರೆ ಯೂಟ್ಯೂಬಿನಲ್ಲಿ ಭಜನೆ ನೋಡುವಾಗ ಕಾಲ್ ಬಂದರೆ ತಲೆಯ ಮೇಲೆ ಒಂದು ಸಣ್ಣ ಪಟ್ಟಿ ಬರುತ್ತೆ, ಅಷ್ಟೇ. ಅದನ್ನು ಅವಳು ಜಾಹೀರಾತು ಅಂತ ಪಕ್ಕಕ್ಕೆ ತಳ್ಳುತ್ತಾಳೆ. ಜಾಹೀರಾತನ್ನು ಹಾಗೆ ತಳ್ಳಬೇಕು ಅಂತ ಕಲಿಸಿದವರು ನಾವೇ ತಾನೆ?

ಇನ್ನು ರಿಂಗೇ ಆಗದಿರೋದು. ಮೇಲಿಂದ ಎಳೆದರೆ ಬರುವ ಪಟ್ಟಿಯಲ್ಲಿ ಡು ನಾಟ್ ಡಿಸ್ಟರ್ಬ್, ಏರೋಪ್ಲೇನ್ ಮೋಡ್, ಸೌಂಡ್ ಇವೆಲ್ಲ ಟಾರ್ಚಿನ ಅಕ್ಕಪಕ್ಕವೇ ಇರುತ್ತವೆ. ಕರೆಂಟ್ ಹೋದಾಗ ಕತ್ತಲಲ್ಲಿ ಟಾರ್ಚ್ ಹುಡುಕುವಾಗ ಯಾವುದೋ ಒಂದು ಒತ್ತಿಹೋಗುತ್ತೆ. ಆ ಪಟ್ಟಿಯನ್ನು ಪೂರ್ತಿ ಎಳೆದು ಪೆನ್ಸಿಲ್ ಗುರುತು ಒತ್ತಿ ಈ ಮೂರನ್ನೂ ತೆಗೆದುಹಾಕಲಿ, ಟಾರ್ಚನ್ನು ಮೊದಲನೆಯ ಜಾಗಕ್ಕೆ ತರಲಿ. ರಿಂಗ್‌ಟೋನನ್ನೂ ಬದಲಿಸಬೇಕು. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪೋದು ಕೀಚು ದನಿ. ನೀನು ಹಾಕಿಕೊಟ್ಟಿರುವ ಆ ಗೆಜ್ಜೆಯಂಥ ನಾದ ಮಿಕ್ಸಿ ಸದ್ದಿನಲ್ಲಿ ಅವಳಿಗೆ ಕೇಳೋದೇ ಇಲ್ಲ. ತಗ್ಗು ದನಿಯ, ಬಿಟ್ಟುಬಿಟ್ಟು ಹೊಡೆಯುವಂಥದ್ದು ಹಾಕಿ. ಜೊತೆಗೆ ವೈಬ್ರೇಷನ್, ಮತ್ತೆ ಫೋನಿನ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ‘ಫ್ಲ್ಯಾಶ್ ನೋಟಿಫಿಕೇಷನ್’. ಆಗ ಕಾಲ್ ಬಂದರೆ ಕ್ಯಾಮೆರಾ ದೀಪ ಮಿನುಗುತ್ತೆ.

ನನ್ನ ಕಾಲ್ ಮಾತ್ರ ಬರಲ್ಲ ಅಂತ ಅಮ್ಮ ಬೇಜಾರು ಮಾಡಿಕೊಂಡಿದ್ದಾಳಂತೆ. ನಾನು ಮಾಡೋದು ವಾಟ್ಸಾಪಿನಲ್ಲಿ. ಬ್ಯಾಟರಿ ಉಳಿಸಲು ಫೋನು ಹೆಚ್ಚು ಬಳಸದ ಆಪ್‌ಗಳನ್ನು ಮಲಗಿಸುತ್ತೆ. ಸೆಟ್ಟಿಂಗ್ಸ್, ಬ್ಯಾಟರಿ, ‘ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್’, ಅದರೊಳಗೆ ‘ನೆವರ್ ಆಟೋ ಸ್ಲೀಪಿಂಗ್ ಆಪ್ಸ್’ ಪಟ್ಟಿಗೆ ವಾಟ್ಸಾಪ್ ಸೇರಿಸಿದರೆ ಅದು ಎಚ್ಚರವಾಗಿರುತ್ತೆ.

ವಾಟ್ಸಾಪ್ ಕಳೆದುಹೋಗೋದು ಬೆರಳಿನ ವಿಷಯ. ಅವಳು ಒತ್ತಿ ಅಲ್ಲೇ ಬೆರಳಿಟ್ಟುಕೊಂಡು ಕಾಯುತ್ತಾಳೆ, ಕಾಲಿಂಗ್ ಬೆಲ್ ಒತ್ತಿದ ಹಾಗೆ. ಅರ್ಧ ಸೆಕೆಂಡ್ ದಾಟಿದರೆ ಫೋನಿನ ಲೆಕ್ಕದಲ್ಲಿ ಅದು ‘ಐಕಾನ್ ಸರಿಸು’ ಅಂತ. ಬೆರಳು ಒಂದಿಷ್ಟು ಜಾರಿದರೆ ಐಕಾನ್ ಇನ್ನೊಂದು ಪುಟಕ್ಕೋ ಫೋಲ್ಡರಿಗೋ ಹೋಯಿತು. ಆಕ್ಸೆಸಿಬಿಲಿಟಿಯ ‘ಇಂಟರಾಕ್ಷನ್ ಅಂಡ್ ಡೆಕ್ಸ್‌ಟೆರಿಟಿ’ಯಲ್ಲಿ ‘ಟಚ್ ಅಂಡ್ ಹೋಲ್ಡ್ ಡಿಲೇ’ 1.5 ಸೆಕೆಂಡಿಗೆ ಇಡಿ. ಕೈ ನಡುಗಿ ಎರಡೆರಡು ಸಲ ಒತ್ತುತ್ತಿದ್ದರೆ ಅಲ್ಲೇ ‘ಇಗ್ನೋರ್ ರಿಪೀಟೆಡ್ ಟಚಸ್’ ಕೂಡ ಇದೆ. ಕೊನೆಗೆ ಹೋಮ್ ಸ್ಕ್ರೀನಿನ ಖಾಲಿ ಜಾಗದ ಮೇಲೆ ಒತ್ತಿ ಹಿಡಿದು, ಸೆಟ್ಟಿಂಗ್ಸ್‌ನಲ್ಲಿ ‘ಲಾಕ್ ಹೋಮ್ ಸ್ಕ್ರೀನ್ ಲೇಔಟ್’ ಆನ್ ಮಾಡಿ. ಆಮೇಲೆ ಐಕಾನ್ ಎಲ್ಲಿಗೂ ಹೋಗಲ್ಲ. ಬೀಗ ಹಾಕೋದು ಎಲ್ಲ ಜೋಡಿಸಿ ಮುಗಿದ ಮೇಲೆ, ಮೊದಲೇ ಅಲ್ಲ.

ಅಂಗಡಿಯವನು ‘ಈಸಿ ಮೋಡ್’, ಅಂದರೆ ದೊಡ್ಡ ಐಕಾನಿನ ಸರಳ ಪರದೆ, ಹಾಕಿಕೊಡ್ತೀನಿ ಅಂದರೆ ಬೇಡ ಅನ್ನು. ಹೊಸದಾಗಿ ಫೋನ್ ಹಿಡಿಯುವವರಿಗೆ ಅದು ಒಳ್ಳೆಯದೇ. ಆದರೆ ಅಮ್ಮ ಓದಿ ಒತ್ತುವವಳಲ್ಲ, ಜಾಗ ನೋಡಿ ಒತ್ತುವವಳು. ಈಸಿ ಮೋಡಿನಲ್ಲಿ ಜಾಗವೆಲ್ಲ ಬದಲಾಗುತ್ತೆ. ಆಗ ನಿಜವಾಗಿಯೂ ಮರೆವು ಬಂದವಳ ಹಾಗೆ ಆಗಿಬಿಡ್ತಾಳೆ.

ಅಕ್ಷರ ದೊಡ್ಡದು ಮಾಡುವಾಗ ಕೊನೆಯ ತುದಿಗೆ ಎಳೆಯಬೇಡಿ. ಹಾಗೆ ಮಾಡಿದರೆ ಕೆಲವು ಆಪ್‌ಗಳಲ್ಲಿ ಕೆಳಗಿನ ಬಟನ್ ಪರದೆಯ ಆಚೆಗೇ ಹೋಗಿಬಿಡುತ್ತೆ. ತುದಿಗಿಂತ ಎರಡು ಮೆಟ್ಟಿಲು ಕಡಿಮೆ ಇಟ್ಟು ‘ಬೋಲ್ಡ್’ ಹಾಕಿ. ‘ಸ್ಕ್ರೀನ್ ಟೈಮ್‌ಔಟ್’ ಎರಡು ನಿಮಿಷ. ಬೆರಳಚ್ಚು ಹಿಡಿಯದಿದ್ದರೆ ಅದೇ ಹೆಬ್ಬೆರಳನ್ನು ಎರಡನೆಯ ಸಲ ಬೇರೆ ಬೆರಳಿನ ಹಾಗೆ ಸೇರಿಸಿ. ಪಾತ್ರೆ ತಿಕ್ಕಿ ಸವೆದ ಗೆರೆ ಅದು.

ರೀಚಾರ್ಜ್ ದುಡ್ಡಿನ ಕಳ್ಳಿ ನಾನೇ ಇರಬೇಕು! ಹೋಮ್ ಸ್ಕ್ರೀನಿನಲ್ಲಿ ನೀನು ಹಾಕಿಕೊಟ್ಟ ನನ್ನ ಫೋಟೋ ‘ಡೈರೆಕ್ಟ್ ಡಯಲ್’ ವಿಜೆಟ್, ಒತ್ತಿದರೆ ನೇರ ಜಪಾನಿಗೆ ಐಎಸ್‌ಡಿ. ಅದನ್ನು ತೆಗಿ. ವಾಟ್ಸಾಪಿನಲ್ಲಿ ನನ್ನ ಚಾಟ್ ತೆರೆದು ಮೂರು ಚುಕ್ಕಿ, ‘ಮೋರ್’, ‘ಆಡ್ ಶಾರ್ಟ್‌ಕಟ್’ ಒತ್ತಿದರೆ ಅದೇ ಫೋಟೋ ಬರುತ್ತೆ, ದುಡ್ಡು ಹೋಗಲ್ಲ. ನಿನ್ನದು, ಶೈಲಾದು ಡೈರೆಕ್ಟ್ ಡಯಲ್ ಇರಲಿ.

ಇಲ್ಲಿ ವಯಸ್ಸಾದವರಿಗೆಂದೇ ‘ರಾಕು-ರಾಕು’ ಅಂತ ಫೋನೇ ಇದೆ. ಹೆಸರಿನ ಅರ್ಥ ‘ಸಲೀಸು ಸಲೀಸು’. ಮಕ್ಕಳಿಗೆ ಫೋನ್ ಮಾಡಲು 1, 2, 3 ಅಂತ ಬಟನ್. ಎದುರಿನವರು ಗಡಿಬಿಡಿಯಲ್ಲಿ ಮಾತಾಡಿದರೆ ಅದೇ ಮಾತನ್ನು ನಿಧಾನ ಮಾಡಿ ಕೇಳಿಸುತ್ತೆ. ಕಮಲತ್ತೆ ಮಾತಾಡೋದನ್ನು ಕೇಳಲು ನನಗೇ ಒಂದು ಬೇಕು. 2012ರಲ್ಲಿ ಬಂದ ಟಚ್ ಮಾದರಿಯಲ್ಲಿ ಬೆರಳು ಸುಮ್ಮನೆ ತಾಗಿದರೆ ಏನೂ ಆಗದು, ಬಟನ್ ಹಾಗೆ ಒತ್ತಬೇಕು. ತಂದುಕೊಡು ಅನ್ನಬೇಡ, ಮೇಲೆ ಬರೆದಿದ್ದರಲ್ಲೇ ಮುಕ್ಕಾಲು ಪಾಲು ಬಂತು.

ಇಷ್ಟು ಮುಂದುವರಿದ ದೇಶದಲ್ಲೂ ‘ಓರೆ ಓರೆ’ ಅಂತ ಒಂದು ಮೋಸ ಇದೆ, ‘ನಾನು, ನಾನು’ ಅಂತ ಅರ್ಥ. ಮಗನ ಹಾಗೆ ಅಳುತ್ತಾ ಫೋನ್ ಮಾಡಿ ಮುದುಕರ ದುಡ್ಡು ಹಾಕಿಸಿಕೊಳ್ಳುತ್ತಾರೆ. ಅದಕ್ಕೆ ಮನೆಯವರಿಗಷ್ಟೇ ಗೊತ್ತಿರುವ ಒಂದು ಪದ ಇಟ್ಟುಕೊಳ್ಳಿ ಅಂತ ಪೊಲೀಸರೇ ಹೇಳುತ್ತಾರೆ. ನಮಗೆ ಹಳೆಯ ಮನೆಯ ಕರುವಿನ ಹೆಸರು ಆಗಬಹುದು. ಯಾವ ಕರು ಅಂತ ಇಲ್ಲಿ ಬರೆಯಲ್ಲ. ವಾಟ್ಸಾಪಿನ ಪ್ರೈವೆಸಿಯಲ್ಲಿ ‘ಕಾಲ್ಸ್’ ಒತ್ತಿ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಆನ್ ಮಾಡಿ. ಹಾಗೆ ಮಾಡುವ ಮುಂಚೆ ನೆಂಟರ ನಂಬರೆಲ್ಲ ಸೇವ್ ಆಗಿದೆಯಾ ನೋಡಿ, ಇಲ್ಲದಿದ್ದರೆ ದೊಡ್ಡಮ್ಮನ ಕಾಲೂ ಸೈಲೆಂಟು. ಏನಾದರೂ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎಲ್ಲ ಮುಗಿದ ಮೇಲೆ ಪುಟ್ಟಿ ಮೂರು ಕಾಲ್ ಮಾಡಲಿ: ಲಾಕ್ ಇದ್ದಾಗ ಒಂದು, ಯೂಟ್ಯೂಬ್ ಓಡುವಾಗ ಒಂದು, ಫೋನ್ ಅರ್ಧ ಗಂಟೆ ಮುಟ್ಟದೆ ಇಟ್ಟ ಮೇಲೆ ವಾಟ್ಸಾಪಿನಲ್ಲಿ ಒಂದು. ಎತ್ತೋದು ಅಮ್ಮನೇ. ನೀವು ಯಾರೂ ಬಾಯಿ ಹಾಕಬೇಡಿ.

ಎರಡು ವಾರ ನೋಡು. ಫೋನಿನ ಹೊರಗೂ ಹಾಗೇ ಇದ್ದರೆ, ಅಂದರೆ ಕೇಳಿದ್ದನ್ನೇ ಕೇಳೋದು, ದೇವಸ್ಥಾನದಿಂದ ಬರುವ ದಾರಿ ತಪ್ಪೋದು, ಆಗ ಖಂಡಿತ ಡಾಕ್ಟರಿಗೆ ತೋರಿಸು. ಬಿ12, ಥೈರಾಯ್ಡ್ ಕಡಿಮೆಯಾದರೂ ಹಾಗಾಗುತ್ತೆ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತೆ. ಕಿವಿ ಪರೀಕ್ಷೆ ಮಾತ್ರ ಈಗಲೇ ಮಾಡಿಸಿಬಿಡು. ಅಂಥದ್ದೇನೂ ಇರಲ್ಲ ಕಣೋ. ಖಂಡಿತ ಇರಲ್ಲ. ಮೊನ್ನೆ ನನ್ನ ಮದುವೆಯ ಸೀರೆಗಳ ಬಣ್ಣ, ರೇಟು ಎಲ್ಲ ಹೇಳಿದಳು. ಏನೂ ಆಗಿಲ್ಲ ಅವಳಿಗೆ.

ನಿಮ್ಮಲ್ಲಿ ರಾತ್ರಿ ಎಂಟಾದರೆ ಇಲ್ಲಿ ಹನ್ನೊಂದೂವರೆ. ಅದಕ್ಕೇ ಬೆಳಿಗ್ಗೆ ಮಾಡ್ತೀನಿ ಅಂತ ಅಮ್ಮನಿಗೆ ಹೇಳು. ಪೋಸ್ಟ್ ಆಫೀಸ್ ಬಾಗಿಲು ಹಾಕುವ ಮುಂಚೆ ನಾಳೆ ಇದನ್ನು ಹಾಕಬೇಕು, ಕವರ್ ಇನ್ನೂ ಸಿಕ್ಕಿಲ್ಲ.

ಇಂತಿ,
ಅಕ್ಕ

ಚಾರ್ಜರ್ ವೈರ್ ಹರಿದಿದೆಯಂತೆ, ಟೇಪ್ ಸುತ್ತಬೇಡ. ಹೊಸದು ತಗೋ.