ಸೇನೆ ಹಿಂದೆ ಸರಿದ ಮೇಲೆ ಆದದ್ದು

ಮಾನ್ಯ ಸಂಪಾದಕರೇ,

ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳ ಮೇಲೆ ಸೇನಾ ಆಡಳಿತ ಹೇರಿದ್ದನ್ನು ಸುಮ್ನೆ ಗೆದ್ದವರ ಸೇಡು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1867ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ವಿಟೊ ಹಾಕಿ ತಡೆದರೂ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾಯ್ದೆ ತಂದು, 10 ರಾಜ್ಯಗಳನ್ನು 5 ಸೇನಾ ಜಿಲ್ಲೆಗಳಾಗಿ ಮಾಡಿತು. ಟೆನ್ನೆಸ್ಸಿ ರಾಜ್ಯ ಮಾತ್ರ, ಗುಲಾಮರಾಗಿದ್ದವರಿಗೂ ಪೌರತ್ವ ಕೊಡುವ ಸಂವಿಧಾನದ 14ನೇ ತಿದ್ದುಪಡಿ ಒಪ್ಪಿ ಮೊದಲೇ ಪಾರಾಗಿತ್ತು. ನಿನ್ನೆವರೆಗೂ ಗುಲಾಮರಾಗಿದ್ದ ಗಂಡಸರು ಸೈನಿಕರ ಕಾವಲಿನಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಿದರು! 1870ರಲ್ಲಿ ಮಿಸಿಸಿಪ್ಪಿಯಿಂದ ಕಪ್ಪು ಜನಾಂಗದ ಹೈರಮ್ ರೆವೆಲ್ಸ್ ಸೆನೆಟ್‌ಗೆ ಹೋದರು. ಸೇನೆ ಇಲ್ಲದಿದ್ದರೆ ಇದು ಆಗುತ್ತಿತ್ತಾ?

ಬಂದೂಕಿನ ಆಡಳಿತ ನನಗೂ ಇಷ್ಟವಿಲ್ಲ. ಆದರೆ 1877ರಲ್ಲಿ ಕಾವಲು ತೆಗೆದ ಮೇಲೆ ಆ ಮತದ ಹಕ್ಕನ್ನು ಹಂತಹಂತವಾಗಿ ಕಿತ್ತುಕೊಂಡರು. ಅದಕ್ಕೆ ಮತ್ತೆ ಗಟ್ಟಿ ರಕ್ಷಣೆ ಸಿಕ್ಕಿದ್ದು 1965ರ ಮತದಾನ ಹಕ್ಕು ಕಾಯ್ದೆಯಿಂದ.

– ಒಬ್ಬ ಓದುಗ, ಮೈಸೂರು