ಓದಲು ಸ್ವೀಡನ್ನಿನ ಉಮಿಯೊಗೆ ಹೊರಟ ಪುಟ್ಟಿಗೆ

ಉಪ್ಸಾಲಾ, ಸ್ವೀಡನ್

ಪ್ರೀತಿಯ ಪುಟ್ಟಿ,

"ಅತ್ತೆ, ಅಲ್ಲಿನ ಜನ ಮಾತೇ ಆಡೋಲ್ವಂತೆ, ಹೌದಾ?" ಅಂತ ನಿನ್ನೆ ಫೋನಿನಲ್ಲಿ ಕೇಳಿದೆ. ಅವಸರದಲ್ಲಿ ಏನೋ ಹೇಳಿ ಇಟ್ಟುಬಿಟ್ಟೆ. ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಇಲ್ಲಿಗೆ ಬಂದ ಮೊದಲ ವರ್ಷದ ಮಾತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಮನೆಗೂ ವಾಷಿಂಗ್ ಮಷೀನ್ ಇರಲಿಲ್ಲ. ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಬಟ್ಟೆ ಒಗೆಯುವ ಕೋಣೆ. ತ್ವೆಟ್‌ಸ್ಟೂಗಾ ಅಂತಾರೆ, ನಿನ್ನ ಹಾಸ್ಟೆಲಿನಲ್ಲೂ ಬಹುಶಃ ಇರುತ್ತದೆ. ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಒಂದು ದಿನ ನನ್ನ ಸರದಿ ಮುಗಿದು ಅರ್ಧ ಗಂಟೆಯಾದರೂ ಡ್ರೈಯರಿನಲ್ಲಿ ನನ್ನ ಬಟ್ಟೆ ತಿರುಗುತ್ತಲೇ ಇತ್ತು. ಅದರ ಜಾಲರಿಯಲ್ಲಿ ಕೂತಿದ್ದ ನೂಲಿನ ಜುಂಗನ್ನೂ ತೆಗೆಯದೆ ಬಂದುಬಿಟ್ಟೆ. ಮಾರನೆಯ ದಿನ ಬಾಗಿಲ ಮೇಲೆ ಒಂದು ಚೀಟಿ, ಕೆಳಗೆ ಬರೆದವರ ಮನೆ ನಂಬರು. ಡಿಕ್ಷನರಿ ಹಿಡಿದು ಓದಿದೆ. ಬೈಗುಳ ಒಂದೂ ಇಲ್ಲ. ಮುಂದಿನವರು ಕಾಯಬೇಕಾಯಿತು, ಜಾಲರಿ ಕ್ಲೀನ್ ಮಾಡಿ, ಅಷ್ಟೇ. ಆದರೂ ಕೆನ್ನೆಗೆ ಹೊಡೆದ ಹಾಗಾಯಿತು.

ಒಂದು ಡಬ್ಬಿ ಕೋಡುಬಳೆ ಹಿಡಿದು ಆ ಮನೆಗೆ ಹೋದೆ. ಎಪ್ಪತ್ತು ದಾಟಿದ ಅಜ್ಜಿ. "ತಾಕ್" (ಥ್ಯಾಂಕ್ಸ್) ಅಂದರು, ಡಬ್ಬಿ ತಗೊಂಡರು, ಬಾಗಿಲು ಹಾಕಿಕೊಂಡರು. ಒಳಗೆ ಬಾ ಅನ್ನಲೇ ಇಲ್ಲ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ ಪುಟ್ಟಿ.

ಮೂರು ವಾರ ಕಳೆದು ಅದೇ ಮೆಟ್ಟಿಲ ಹತ್ತಿರ ಸಿಕ್ಕರು. "ತಾಕ್ ಫೊರ್ ಸೆನಾಸ್ಟ್" ಅಂದರು. ಹೋದ ಸಲ ಸಿಕ್ಕಿದ್ದಕ್ಕೆ ಥ್ಯಾಂಕ್ಸ್ ಅಂತ. ಭಾನುವಾರ ಎರಡಕ್ಕೆ ಫೀಕಾಗೆ, ಅಂದರೆ ಕಾಫಿಗೆ ಬಾ ಅಂದರು. ನಾನು ನಮ್ಮೂರ ಲೆಕ್ಕದಲ್ಲಿ ಎರಡೂವರೆಗೆ ಹೋದೆ. ಮೇಜಿನ ಮೇಲೆ ಎರಡು ಕಪ್ಪು, ಬನ್ನು, ತೊಳೆದು ಒರೆಸಿಟ್ಟ ನನ್ನ ಡಬ್ಬಿ. ಕಾಫಿ ಆರಿತ್ತು. ಎರಡು ಗಂಟೆಯಿಂದ ಕಿಟಕಿಯ ಬಳಿ ನನಗಾಗಿ ಕಾಯುತ್ತಿದ್ದರಂತೆ. ಅವತ್ತಿನಿಂದ ಇವತ್ತಿನವರೆಗೆ ನಾನು ಯಾರ ಮನೆಗೂ ತಡವಾಗಿ ಹೋಗಿಲ್ಲ.

ಮಾತು ಕಡಿಮೆ ಅಂದರೆ ಮನಸ್ಸಿಲ್ಲ ಅಂತಲ್ಲ. ಇನ್ನೊಬ್ಬರಿಗೆ ಸುಮ್ನೆ ತೊಂದರೆ ಯಾಕೆ ಅನ್ನುವ ಸಂಕೋಚ. ಹಾಗಾಗಿ ನೀನೇ ಮೊದಲು ಹೋಗಿ ಬಾಗಿಲು ತಟ್ಟಬೇಕು, ಆಮೇಲೆ ಕಾಯಬೇಕು. ಕಾಯುವುದೇ ಕಷ್ಟ. ಯೂನಿವರ್ಸಿಟಿಯಲ್ಲಿ ಫೀಕಾ ಹೊತ್ತಿಗೆ ಎಲ್ಲರೂ ಎದ್ದು ಹೋಗುವಾಗ ಓದುವುದಿದೆ ಅಂತ ಒಬ್ಬಳೇ ಕೂತಿರಬೇಡ. ಕಾಫಿಗೆ ಇದ್ದ ಹಳೆಯ ಹೆಸರು 'ಕಫಿ', ಅದನ್ನು ತಿರುವುಮುರುವು ಮಾಡಿ 'ಫೀಕಾ' ಆಗಿದೆ. ಆದರೆ ಅದು ಬರೀ ಕಾಫಿ ಅಲ್ಲ, ಜೊತೆಗೆ ಕೂರುವುದು. ನಿನಗೆ ಸ್ನೇಹಿತರು ಸಿಕ್ಕರೆ ಅಲ್ಲೇ ಸಿಗುತ್ತಾರೆ.

ಉಮಿಯೊ ಕಡೆಯವರದು ಇನ್ನೊಂದು ಅಭ್ಯಾಸ. ಹೌದು ಅನ್ನುವುದಕ್ಕೆ ತುಟಿ ಮುಂದೆ ಮಾಡಿ 'ಶ್ಯುಪ್' ಅಂತ ಉಸಿರು ಒಳಗೆ ಎಳೆದುಕೊಳ್ಳುತ್ತಾರೆ. ಗಾಬರಿಯಾಗಬೇಡ. ನಿನ್ನ ಮಾತು ಒಪ್ಪಿದ್ದಾರೆ ಅಂತ ತಿಳಿದುಕೋ.

ಪ್ರೊಫೆಸರನ್ನು ಹೆಸರು ಹಿಡಿದು ಕರೆಯಲು ನಿನಗೆ ನಾಲಿಗೆ ಹೊರಳುವುದಿಲ್ಲ, ಗೊತ್ತು. ಮೇಷ್ಟ್ರ ಹೆಸರು ಹೇಳಿದರೆ ನಿಮ್ಮಜ್ಜಿ ಗದರುತ್ತಿದ್ದ ಮನೆ ನಮ್ಮದು. ಇಲ್ಲೂ ಒಂದು ಕಾಲದಲ್ಲಿ ಹುದ್ದೆ ಸೇರಿಸದೆ ಮಾತಾಡಿಸುತ್ತಿರಲಿಲ್ಲ. 1967ರಲ್ಲಿ ಬ್ರೂರ್ ರೆಕ್ಸೆಡ್ ಅನ್ನುವ ದೊಡ್ಡ ಸರ್ಕಾರಿ ಅಧಿಕಾರಿ ತನ್ನ ಕಚೇರಿಯಲ್ಲಿ ಎಲ್ಲರನ್ನೂ 'ದು', ಅಂದರೆ ನೀನು ಅಂತಲೇ ಕರೆಯುತ್ತೇನೆ ಅಂದರು. ಕೆಲವೇ ವರ್ಷದಲ್ಲಿ ದೇಶವೇ ಹಾಗಾಯಿತು. 'ಸರ್' ಅಂತ ಎಳೆದರೆ ಅವರಿಗೇ ಮುಜುಗರ. ಮೊದಲ ವಾರವೇ ಹೆಸರು ಹಿಡಿದು ಕರೆದುಬಿಡು.

ಕತ್ತಲಿಗೆ ಮಾತ್ರ ನಿಜವಾಗಿ ತಯಾರಾಗು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಎರಡಕ್ಕೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಮನಸ್ಸು ಕುಗ್ಗಿದರೆ ಅದು ನಿನ್ನ ತಪ್ಪಲ್ಲ. ಬೆಳಕಿರುವಾಗ ಕ್ಲಾಸ್ ಮಧ್ಯೆ ಆದರೂ ಹತ್ತು ನಿಮಿಷ ಹೊರಗೆ ನಡಿ. ಡಾಕ್ಟರನ್ನು ಕೇಳಿ ವಿಟಮಿನ್ ಡಿ ತಗೋ. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚೆಯೇ ಕಿಟಕಿಗಳಲ್ಲಿ ಕಾಗದದ ನಕ್ಷತ್ರದೀಪ ತೂಗುಹಾಕುತ್ತಾರೆ. ನೀನೂ ಒಂದು ಹಾಕು. ನಮ್ಮ ದೀಪಾವಳಿಯ ಆಕಾಶಬುಟ್ಟಿ ನೆನಪಾಗುತ್ತದೆ.

ಆದರೆ ನೀನು ಬರುವುದು ಆಗಸ್ಟಿನಲ್ಲಿ ಅಲ್ವಾ, ಆಗ ಕಾಡಿಗೆ ಹೋಗಲೇಬೇಕು. ಯಾರ ಕಾಡಾದರೂ ಸರಿ, ಗಿಡಕ್ಕೆ, ಮನೆಯವರಿಗೆ ತೊಂದರೆ ಮಾಡದೆ ಓಡಾಡಬಹುದು, ಕಾಡುಹಣ್ಣು ಕೀಳಬಹುದು. ಎಲ್ಲರಿಗೂ ಇರುವ ಈ ಹಕ್ಕನ್ನು ಅಲ್ಲೆಮಾನ್ಸ್‌ರೆಟ್ಟೆನ್ ಅನ್ನುತ್ತಾರೆ. ಕೆಂಪು ಲಿಂಗನ್ ಹಣ್ಣು ಹುಳಿಯಾಗಿರುತ್ತದೆ. ಬೆಲ್ಲ, ಮೆಣಸಿನಪುಡಿ ಹಾಕಿ ಗೊಜ್ಜು ಮಾಡು, ಅನ್ನಕ್ಕೆ ಚೆನ್ನಾಗಿರುತ್ತದೆ. ಅಣಬೆ ಮಾತ್ರ ಗೊತ್ತಿದ್ದವರಿಲ್ಲದೆ ಮುಟ್ಟಬೇಡ.

ಡಿಸೆಂಬರ್ 13ಕ್ಕೆ ಲೂಸಿಯಾ ಹಬ್ಬ. ರೈಲು ಹತ್ತಿ ಇಲ್ಲಿಗೆ ಬಾ. ಬೆಳಗಿನ ಕತ್ತಲಲ್ಲಿ ತಲೆಯ ಮೇಲೆ ದೀಪ ಹೊತ್ತ ಲೂಸಿಯಾ ಹುಡುಗಿಯ ಹಿಂದೆ ಬಿಳಿ ಬಟ್ಟೆಯ ಹುಡುಗಿಯರು ಹಾಡುತ್ತಾ ಬರುವುದನ್ನು ಇಬ್ಬರೂ ನೋಡೋಣ. ಕೇಸರಿ ಹಾಕಿದ ಬನ್ನು ನಾನೇ ಮಾಡುತ್ತೇನೆ.

ಊರಿಂದ ಏಲಕ್ಕಿ ಹೊತ್ತು ತರಬೇಡ. ಇಲ್ಲಿನವರು ಬನ್ನಿಗೆಲ್ಲ ಧಾರಾಳವಾಗಿ ಹಾಕುತ್ತಾರೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ತುಪ್ಪವೂ ಬೇಡ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಅಮ್ಮ ಕುಟ್ಟಿದ ಸಾರಿನಪುಡಿ ಮಾತ್ರ ಎರಡು ಪೊಟ್ಟಣ ತಾ, ಒಂದು ನನಗೆ.

ನಿನ್ನ ಅತ್ತೆ